ಸ್ವಿಸ್ ವಾಚೂ ಮದುವೆ ಪಟ್ಟಿಯೂ

ಮದುವೆ ಪಟ್ಟಿಯಲ್ಲಿ ಈಗೊಂದು ಹೊಸ ಸಾಲು ಸೇರ್ಕೊಂಡಿದೆ, ಗಮನಿಸಿದ್ರಾ? ಹುಡುಗನಿಗೆ ಸೂಟು, ಉಂಗುರ, ಚೈನು, ಇವೆಲ್ಲ ನಮ್ಮಮ್ಮನ ಕಾಲದಿಂದ ಇದ್ದದ್ದೇ. ವಾಚೂ ಇತ್ತು. ಆದರೆ ಆಗ ಪಟ್ಟಿಯಲ್ಲಿ ‘ವಾಚು 1’ ಅಂತ ಮಾತ್ರ ಬರೀತಿದ್ರು. ಯಾವ ಕಂಪನಿ ಅಂತ ಯಾರೂ ಕೇಳ್ತಿರ್ಲಿಲ್ಲ, ಯಾಕಂದ್ರೆ ಸಿಗ್ತಿದ್ದದ್ದೇ ಒಂದು ಕಂಪನಿ. ಈಗ ‘ಸ್ವಿಸ್ ವಾಚು’ ಅಂತ ಬರೀತಾರೆ. ಕೆಲವರು ಕಂಪನಿ ಹೆಸರು, ಮಾಡೆಲ್ಲು, ಡಯಲ್ಲಿನ ಬಣ್ಣ ಕೂಡ ಫೋನಲ್ಲಿ ಫೋಟೋ ಸಮೇತ ಕಳಿಸ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಕೊನೇವರೆಗೆ ಕಾಯಿಸೋದಿಲ್ಲ. ಸ್ವಿಸ್ ವಾಚಿನ ಹೆಸರು ಸುಳ್ಳಿನದ್ದಲ್ಲ. ಮುನ್ನೂರು ನಾನ್ನೂರು ವರ್ಷ ಕೂತು ಮಾಡಿದ ಕೆಲಸದಿಂದ ಬಂದ ಹೆಸರು. ದುಡ್ಡಿದ್ದವರು, ಆಸೆ ಇದ್ದವರು ತಾವೇ ತಗೊಂಡು ಕಟ್ಟಿಕೊಳ್ಳಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹೆಣ್ಣಿನ ಅಪ್ಪ ಎಫ್.ಡಿ. ಮುರಿದು ಅದನ್ನ ಅಳಿಯನ ಕೈಗೆ ಕಟ್ಟಬೇಕು ಅನ್ನೋದು ತಪ್ಪು. ಆ ವಾಚಿನ ಹೆಸರು ಹೇಗೆ ಬಂತು ಅಂತ ತಿಳ್ಕೊಂಡ್ರೇನೇ ಯಾಕೆ ತಪ್ಪು ಅಂತ ಗೊತ್ತಾಗುತ್ತೆ.

ಇದನ್ನ ಈಗ ಬರೀಲಿಕ್ಕೆ ಕಾರಣ ನಮ್ಮ ಮನೇಲೇ ಇದೆ. ಭದ್ರಾವತಿಯ ನನ್ನ ತಂಗಿ ಮಗಳಿಗೆ ಮದುವೆ ನಿಶ್ಚಯ ಆಗಿದೆ. ತಂಗಿಯನ್ನ ಕೇಳಿಯೇ ಬರೀತಿದ್ದೀನಿ, “ಬರಿ ಅಕ್ಕ, ಬೇರೆಯವ್ರಿಗಾದ್ರೂ ಉಪಯೋಗ ಆಗ್ಲಿ” ಅಂದ್ಲು. ಹುಡುಗ ಒಳ್ಳೆಯವನು, ಮನೆಯವರೂ ಮರ್ಯಾದಸ್ಥರು. ವರದಕ್ಷಿಣೆ ಮಾತೇ ಎತ್ತಲಿಲ್ಲ. ನಿಶ್ಚಿತಾರ್ಥ ಆಗಿ ಹದಿನೈದು ದಿನಕ್ಕೆ ಅವರ ಕಡೆ ಒಬ್ಬರು ಫೋನ್ ಮಾಡಿ, “ನಮಗೇನೂ ಬೇಡ, ಹುಡುಗನಿಗೆ ಒಂದು ಸ್ವಿಸ್ ವಾಚಿನ ಆಸೆ ಇದೆ, ಅಷ್ಟೇ” ಅಂದ್ರು. ಆ ‘ಅಷ್ಟೇ’ಯ ಬೆಲೆ 4.5 ಲಕ್ಷ. ತಂಗಿ ಗಂಡ ಸಣ್ಣ ಫೌಂಡ್ರಿಯಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಇರೋದು ಜನ್ನಾಪುರದ ಮನೆ, ಮತ್ತೆ ಬ್ಯಾಂಕಲ್ಲಿಟ್ಟ ಒಂದಿಷ್ಟು ಠೇವಣಿ. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಪಾಸ್‌ಬುಕ್ ತೆಗೆದು ನೋಡ್ತಾ ಕೂತಿದ್ರಂತೆ.

ಸರಿ, ಅಷ್ಟು ದುಡ್ಡು ಬಾಳೋದಕ್ಕೆ ಅದರಲ್ಲಿ ಎಂತ ಇದೆ ಅಂತ ನಾನು ಓದ್ಲಿಕ್ಕೆ ಕೂತೆ. ಮಗನ ಹತ್ರ ಕೇಳಿ, ಲೈಬ್ರರಿಯಿಂದ ತಂದು, ಫೋನಲ್ಲಿ ಹುಡುಕಿ, ಒಂದು ತಿಂಗಳು ಇದೇ ಕೆಲಸ. ನಮ್ಮನೆಯವರು “ನೀನೇ ವಾಚ್ ಅಂಗಡಿ ಇಡ್ತೀಯೇನೆ” ಅಂತ ನಗಾಡಿದ್ರು. ಓದ್ತಾ ಹೋದ ಹಾಗೆ ಆ ಜನರ ಮೇಲೆ ಗೌರವವೇ ಹೆಚ್ಚಾಯ್ತು ಅನ್ನಿ.

ಸ್ವಿಟ್ಜರ್ಲೆಂಡಿನ ಜಿನೀವಾ ಊರಲ್ಲಿ 1541ರಿಂದ ಕ್ಯಾಲ್ವಿನ್ ಅನ್ನೋ ಧರ್ಮಗುರುವಿನ ಕಟ್ಟುನಿಟ್ಟು ಶುರುವಾಯ್ತು. ಒಡವೆ, ಆಡಂಬರ ಎಲ್ಲ ಪಾಪ ಅಂದ್ರು. ಊರ ತುಂಬ ಅಕ್ಕಸಾಲಿಗರು, ಅವರು ಹೊಟ್ಟೆಪಾಡಿಗೆ ಎಂತ ಮಾಡಬೇಕು? ಅದೇ ಹೊತ್ತಿಗೆ ಫ್ರಾನ್ಸಿನಿಂದ ಧರ್ಮದ ಜಗಳಕ್ಕೆ ಊರು ಬಿಟ್ಟು ಓಡಿ ಬಂದವರಲ್ಲಿ ಗಡಿಯಾರ ಮಾಡೋ ಕೈಯವರಿದ್ರು. ಇವರು ಅವರಿಂದ ಕಲಿತ್ರು. ಒಡವೆ ಹಾಕಿದ್ರೆ ಪಾಪ, ಆದರೆ ಗಡಿಯಾರ ಉಪಯೋಗದ ವಸ್ತು ಅಲ್ವಾ! 1601ರಲ್ಲಿ ಗಡಿಯಾರ ಮಾಡೋರೇ ಸೇರಿ ಜಿನೀವಾದಲ್ಲಿ ಸಂಘ ಕಟ್ಕೊಂಡ್ರು. ಅಂದ್ರೆ ಇವತ್ತು ಆಡಂಬರಕ್ಕೆ ಹೆಸರಾದ ಈ ವಸ್ತು ಬೇರು ಬಿಟ್ಟಿದ್ದು ಆಡಂಬರ ಬೇಡ ಅಂದ ಊರಲ್ಲಿ.

ಆಮೇಲೆ ಇದು ಜೂರಾ ಅನ್ನೋ ಬೆಟ್ಟಸಾಲಿನ ಹಳ್ಳಿಗಳಿಗೆ ಹಬ್ಬಿತು. ನಂಗೆ ಬಹಳ ಇಷ್ಟ ಆದ ಭಾಗ ಇದು. ಅಲ್ಲಿ ಚಳಿಗಾಲ ಅಂದ್ರೆ ತಿಂಗಳುಗಟ್ಟಲೆ ಹಿಮ. ಹೊಲ ಇಲ್ಲ, ಗದ್ದೆ ಇಲ್ಲ, ದನ ಹೊರಗೆ ಬಿಡೋ ಹಾಗಿಲ್ಲ. ರೈತರು ಮನೆಯೊಳಗೇ ಕಿಟಕಿ ಬೆಳಕಲ್ಲಿ ಕೂತು ಗಡಿಯಾರದ ಬಿಡಿಭಾಗ ಮಾಡ್ತಿದ್ರು. ಒಂದು ಮನೇಲಿ ಸ್ಕ್ರೂ, ಇನ್ನೊಂದು ಮನೇಲಿ ಹಲ್ಲಿನ ಚಕ್ರ, ಮತ್ತೊಂದು ಮನೇಲಿ ಸ್ಪ್ರಿಂಗು. ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಕೊಯ್ಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲೀತಾರಲ್ಲ, ಅದನ್ನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮನೆ ಮಂದಿಯೆಲ್ಲ ಕೂತು ಮಾಡೋ ಕೆಲಸದಲ್ಲೇ ಕೈ ಪಳಗೋದು. ಆ ಪಳಗಿದ ಕೈಗೆ ಅವರು ಬೆಲೆ ಕಟ್ಟಲಿಕ್ಕೆ ಕಲಿತರು, ನಾವು ಕಲೀಲಿಲ್ಲ, ಅದೇ ವ್ಯತ್ಯಾಸ.

ಸೆಲ್ ಇಲ್ಲದ, ಕೀ ಕೊಡೋ ಸಾಧಾರಣ ವಾಚಿನಲ್ಲೇ ನೂರಕ್ಕೂ ಹೆಚ್ಚು ಬಿಡಿಭಾಗ ಇರುತ್ತೆ. ಸುತ್ತಿದ ಸ್ಪ್ರಿಂಗು ನಿಧಾನಕ್ಕೆ ಬಿಚ್ಚಿಕೊಳ್ಳಬೇಕು, ಒಂದೇ ಸಲ ಬಿಚ್ಚಿಕೊಳ್ಳಬಾರದು. ಅದನ್ನ ತಡೆದು ತಡೆದು ಬಿಡೋ ಸಣ್ಣ ಕೊಕ್ಕೆ ಇದೆಯಲ್ಲ, ಅದರ ಶಬ್ದವೇ ಟಿಕ್ ಟಿಕ್. ಪಾಟೆಕ್ ಫಿಲಿಪ್ ಅನ್ನೋ ಕಂಪನಿ ತನ್ನ 150ನೇ ವರ್ಷಕ್ಕೆ, 1989ರಲ್ಲಿ, ಒಂದು ಜೇಬು ಗಡಿಯಾರ ಮಾಡ್ತು. ಅದರಲ್ಲಿ 1,728 ಬಿಡಿಭಾಗ! ಅದೂ ಅಂಗೈಲಿ ಹಿಡಿಯೋ ಅಷ್ಟರಲ್ಲಿ. ಒಂದು ಕೂದಲೆಳೆ ವ್ಯತ್ಯಾಸ ಆದ್ರೂ ನಿಂತುಹೋಗುತ್ತೆ. ಇದನ್ನ ಕಲೆ ಅನ್ನದೆ ಎಂತ ಅನ್ನೋದು?

ಇನ್ನೊಂದು ವಿಷಯ ಹೇಳ್ತೀನಿ, ಹೆಂಗಸರೆಲ್ಲ ನೆನಪಿಟ್ಕೊಳ್ಳಿ. ಕೈಗೆ ಕಟ್ಟೋ ವಾಚು ಮೊದಲು ಹೆಂಗಸರದ್ದೇ ಆಗಿತ್ತು. ಗಂಡಸರು ಜೇಬಲ್ಲಿ ಇಟ್ಕೊಳ್ತಿದ್ರು. ಪಾಟೆಕ್ ಫಿಲಿಪ್‌ನವರು 1868ರಲ್ಲಿ ಮಾಡಿದ ಕೈಗಡಿಯಾರ ಹಂಗೇರಿಯ ಒಬ್ಬ ಸಿರಿವಂತ ಹೆಣ್ಣುಮಗಳಿಗೆ. ಕೈಗೆ ವಾಚು ಕಟ್ಟೋದು ಬಳೆ ಹಾಕಿದ ಹಾಗೆ ಅಂತ ಗಂಡಸರಿಗೆ ನಾಚಿಕೆ. ಮೊದಲನೇ ಮಹಾಯುದ್ಧದಲ್ಲಿ ಕಂದಕದೊಳಗೆ ಬಂದೂಕು ಹಿಡ್ಕೊಂಡು ಜೇಬು ತಡಕಲಿಕ್ಕೆ ಆಗದೆ ಸೈನಿಕರು ಕೈಗೆ ಕಟ್ಟಿಕೊಂಡ್ರು ನೋಡಿ, ಆಮೇಲೆ ಅದು ಗಂಡಸರ ವಸ್ತು ಆಯ್ತು. ಈಗ ನಮ್ಮ ಮದುವೆ ಪಟ್ಟಿಯಲ್ಲಿ ವರನಿಗೆ ಮಾತ್ರ!

ರೋಲೆಕ್ಸ್ ಹೆಸರು ಕೇಳದವರಿಲ್ಲ. ಅದನ್ನ ಶುರು ಮಾಡಿದ್ದು ಸ್ವಿಸ್‌ನವರಲ್ಲ. ಹಾನ್ಸ್ ವಿಲ್ಸ್‌ಡಾರ್ಫ್ ಅಂತ ಜರ್ಮನಿಯವರು, ಅವರ ಭಾವಮೈದ ಒಬ್ಬರು, ಇಬ್ಬರೂ ಸೇರಿ 1905ರಲ್ಲಿ ಲಂಡನ್ನಿನಲ್ಲಿ ಅಂಗಡಿ ಹಾಕಿದ್ರು. ಜಿನೀವಾಕ್ಕೆ ಹೋಗಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1926ರಲ್ಲಿ ನೀರು ಒಳಗೆ ಹೋಗದ ವಾಚು ಮಾಡಿದ್ರು. ಮಾಡಿದ್ರೆ ಆಯ್ತಾ, ಜನ ನಂಬಬೇಕಲ್ಲ? ಮರುವರ್ಷ ಮರ್ಸಿಡೀಸ್ ಗ್ಲೈಟ್ಸ್ ಅನ್ನೋ ಹುಡುಗಿ, ಲಂಡನ್ನಿನಲ್ಲಿ ಟೈಪಿಸ್ಟು, ಇಂಗ್ಲಿಷ್ ಕಾಲುವೆ ಈಜಲಿಕ್ಕೆ ಇಳಿದಾಗ ಈ ವಾಚನ್ನ ಜೊತೆಗೆ ಕಳಿಸಿದ್ರು. ಕೊರೆಯೋ ನೀರಲ್ಲಿ ಹತ್ತು ಗಂಟೆ ಇದ್ದು ಹೊರಗೆ ಬಂದಾಗಲೂ ವಾಚು ನಡೀತಿತ್ತು. ಅದನ್ನೇ ಪತ್ರಿಕೆಯ ಮುಖಪುಟ ತುಂಬ ಜಾಹೀರಾತು ಹಾಕಿದ್ರು. ಹೆಸರು ಅನ್ನೋದು ಅರ್ಧ ಕೆಲಸದಿಂದ, ಅರ್ಧ ಕತೆಯಿಂದ ಬರುತ್ತೆ ಅಂತ ಇದಕ್ಕೇ ಹೇಳಿದ್ದು. ಕತೆಯ ಭಾಗ ಒಬ್ಬ ಟೈಪಿಸ್ಟ್ ಹುಡುಗಿ ಚಳಿಯಲ್ಲಿ ನಡುಗಿ ಸಂಪಾದಿಸಿ ಕೊಟ್ಟಿದ್ದು.

ಈಗ ನಮ್ಮ ಕಡೆಗೆ ಬರೋಣ. ನಮ್ಮಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ರು. ನಮಗೆ ಟೈಮು ಅಂದ್ರೆ ಕಾರ್ಖಾನೆ ಸೈರನ್ನು. ಅದು ಕೂಗಿದ್ರೆ ಅಮ್ಮ ಗೋಡೆ ಗಡಿಯಾರದ ಮುಳ್ಳು ಸರಿ ಮಾಡ್ತಿದ್ಲು. ಅಪ್ಪನ ಕೈಲಿ ಎಚ್.ಎಂ.ಟಿ. ಜನತಾ. ದಿನಾ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಎರಡು ಬೆರಳಲ್ಲಿ ಕೀ ಕೊಟ್ಟು, ಕಿವಿ ಹತ್ರ ಹಿಡಿದು ಕೇಳಿ, ಆಮೇಲೇ ಕೈಗೆ ಕಟ್ಟೋದು. ನೀವೂ ಯಾರ ಮನೇಲಾದ್ರೂ ಇದನ್ನ ನೋಡೇ ಇರ್ತೀರಿ.

ಎಚ್.ಎಂ.ಟಿ.ಗೂ ಸ್ವಿಟ್ಜರ್ಲೆಂಡಿಗೂ ಸಂಬಂಧ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ. 1953ರಲ್ಲಿ ಬೆಂಗಳೂರಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಶುರುವಾಗಿದ್ದು ಓರ್ಲಿಕಾನ್ ಅನ್ನೋ ಸ್ವಿಸ್ ಕಂಪನಿಯ ಸಹಾಯದಿಂದ, ಯಂತ್ರ ಮಾಡೋ ಯಂತ್ರಗಳಿಗಾಗಿ. ವಾಚು ಬಂದದ್ದು 1961ರಲ್ಲಿ, ಅದಕ್ಕೆ ಕಲಿಸಿಕೊಟ್ಟವರು ಜಪಾನಿನ ಸಿಟಿಜನ್ ಕಂಪನಿ. ಮೊದಲ ವಾಚುಗಳನ್ನ ನೆಹರೂ ಅವರೇ ಬಿಡುಗಡೆ ಮಾಡಿದ್ರು. 1978ರಲ್ಲಿ ತುಮಕೂರಲ್ಲೂ ಕಾರ್ಖಾನೆ ಆಯ್ತು. ಜನತಾ, ಪೈಲಟ್, ಸೋನಾ, ಕಾಂಚನ್, ಹೆಂಗಸರಿಗೆ ಸುಜಾತಾ. ಅದಕ್ಕೆ ಮೊದಲು ವಾಚು ಅಂದ್ರೆ ವೆಸ್ಟ್ ಎಂಡ್, ಫೇವರ್ ಲ್ಯೂಬಾ, ಇಂಥ ಸ್ವಿಸ್ ಹೆಸರೇ. ಅವು ವಕೀಲರು, ಡಾಕ್ಟರು, ಜಮೀನ್ದಾರರ ಕೈಲಿ. ಕಾರ್ಖಾನೆ ಕೆಲಸದವರ ಕೈಗೆ, ಸ್ಕೂಲ್ ಮೇಷ್ಟ್ರ ಕೈಗೆ, ಎಸ್.ಎಸ್.ಎಲ್.ಸಿ. ಪಾಸಾದ ಹುಡುಗಿ ಕೈಗೆ ವಾಚು ತಂದುಕೊಟ್ಟಿದ್ದು ಎಚ್.ಎಂ.ಟಿ. ಕುರುಡರು ಮುಟ್ಟಿ ನೋಡೋ ಬ್ರೈಲ್ ವಾಚನ್ನೂ ಅವರು ಮಾಡಿದ್ರು.

ಆ ಕಂಪನಿಯ ಗತಿ ಏನಾಯ್ತು? 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್.ಎಂ.ಟಿ. ವಾಚಸ್ ಮುಚ್ಚಲಿಕ್ಕೆ ತೀರ್ಮಾನ ಮಾಡ್ತು. ತುಮಕೂರಿನ ಜಾಗ ಈಗ ಇಸ್ರೋ ಕೈಲಿದೆ. ಸರಿಯಾಗಿ ಮರು ತಿಂಗಳು, ಫೆಬ್ರವರಿಯಲ್ಲಿ, ನಮ್ಮ ರಾಜ್ಯದಲ್ಲಿ ಬೇರೆ ವಾಚಿನ ಗಲಾಟೆ ಎದ್ದಿದ್ದು ನಿಮಗೆಲ್ಲ ನೆನಪಿರಬೇಕು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕೈಲಿರೋ ಹ್ಯೂಬ್ಲೋ ವಾಚು 70 ಲಕ್ಷದವರೆಗೆ ಬಾಳುತ್ತೆ ಅಂತ ಕುಮಾರಸ್ವಾಮಿ ಅವರು ಹೇಳಿದ್ರು. ವಿದೇಶದಲ್ಲಿರೋ ಡಾಕ್ಟರ್ ಸ್ನೇಹಿತರು ಕೊಟ್ಟ ಉಡುಗೊರೆ ಅಂತ ಸಿದ್ದರಾಮಯ್ಯ ಅವರು ಹೇಳಿದ್ರು. ಮಾರ್ಚ್ 2ನೇ ತಾರೀಕು ಅದನ್ನ ಸ್ಪೀಕರಿಗೆ ಒಪ್ಪಿಸಿ, ಸರ್ಕಾರದ ಆಸ್ತಿ ಮಾಡಿ ಅಂದ್ರು. ಸ್ಪೀಕರ್ ಆಗಿದ್ದವರು ನಮ್ಮ ಜಿಲ್ಲೆಯವರೇ, ಕಾಗೋಡು ತಿಮ್ಮಪ್ಪನವರು. ರಾಜಕೀಯದಲ್ಲಿ ಯಾರು ಸರಿ, ಯಾರು ತಪ್ಪು ಅನ್ನೋದು ನನ್ನ ವಿಷಯ ಅಲ್ಲ. ನಾನು ಹೇಳೋದು ಇಷ್ಟೇ: ಒಂದು ಸ್ವಿಸ್ ವಾಚಿನ ಬಗ್ಗೆ ರಾಜ್ಯವೆಲ್ಲ ತಿಂಗಳು ಮಾತಾಡ್ತು. ಕೋಟಿಗಟ್ಟಲೆ ಮನೆಗೆ ಟೈಮು ತೋರಿಸಿದ ನಮ್ಮದೇ ವಾಚಿನ ಕಾರ್ಖಾನೆ ಬಾಗಿಲು ಹಾಕಿದ್ದಕ್ಕೆ ಯಾರೂ ಒಂದು ದಿನವೂ ಮಾತಾಡಲಿಲ್ಲ.

ಅದರಲ್ಲೂ ಒಂದು ತಮಾಷೆ ಕೇಳಿ. ಹ್ಯೂಬ್ಲೋ ಕಂಪನಿ ಶುರುವಾಗಿದ್ದು 1980ರಲ್ಲಿ, ಶುರು ಮಾಡಿದವರು ಇಟಲಿಯವರು. ಚಿನ್ನದ ವಾಚಿಗೆ ರಬ್ಬರ್ ಬೆಲ್ಟ್ ಹಾಕಿದ್ದೇ ಅವರ ಹೊಸತನ. ಈಗ ಅದು ಒಂದು ಫ್ರೆಂಚ್ ಕಂಪನಿಯ ಆಸ್ತಿ. ಅಂದ್ರೆ ನಮ್ಮಪ್ಪನ ಕೈಲಿದ್ದ ವಾಚಿನ ವಂಶ ಹ್ಯೂಬ್ಲೋಗಿಂತ ಹತ್ತೊಂಬತ್ತು ವರ್ಷ ಹಿರಿದು! ಪರಂಪರೆ, ವಂಶಪಾರಂಪರ್ಯ ಅಂತ ಅಂಗಡಿಯವರು ಹೇಳಿದಾಗ ಒಂದು ನಿಮಿಷ ನಿಂತು, ಎಷ್ಟು ವರ್ಷದ್ದು ಸ್ವಾಮಿ ಅಂತ ಕೇಳಬೇಕು. ವಾಶೆರಾನ್ ಕಾನ್‌ಸ್ಟಾಂಟಿನ್ 1755ರದ್ದು, ಪಾಟೆಕ್ 1839ರದ್ದು, ಆಡೆಮಾರ್ ಪಿಗೆ 1875ರದ್ದು. ಅವು ನಿಜವಾಗ್ಲೂ ಹಳೇ ಮನೆತನ. ಬಾಕಿ ಎಷ್ಟೋ ಹೆಸರು ಹೊಸ ಮನೆಗೆ ಹಳೇ ಕಂಬ ತಂದು ನಿಲ್ಲಿಸಿದ ಹಾಗೆ.

ಇನ್ನೊಂದು ಮಾತು, ‘ಸ್ವಿಸ್ ಮೇಡ್’ ಅಂತ ಬರೆದಿದ್ರೆ ಪೂರ್ತಿ ಅಲ್ಲೇ ಮಾಡಿದ್ದು ಅಂತಲ್ಲ. 2017ರಿಂದ ಅಲ್ಲಿಯ ಕಾನೂನು ಏನು ಹೇಳುತ್ತೆ ಅಂದ್ರೆ, ವಾಚು ಮಾಡೋ ಖರ್ಚಿನಲ್ಲಿ ಕನಿಷ್ಠ ಶೇಕಡಾ 60 ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕು. ಬಾಕಿ ಬೇರೆ ದೇಶದಿಂದ ಬರಬಹುದು. ನಾವು ಮೈಸೂರು ಸಿಲ್ಕ್ ಸೀರೆಗೆ ಮುದ್ರೆ ನೋಡ್ತೀವಿ, ಚಿನ್ನಕ್ಕೆ ಹಾಲ್‌ಮಾರ್ಕ್ ನೋಡ್ತೀವಿ. 4.5 ಲಕ್ಷದ ವಾಚಿಗೆ ಮಾತ್ರ ಹೆಸರು ನೋಡಿ ಸುಮ್ನಾಗ್ತೀವಿ.

ಹೋಗ್ಲಿ, ಟೈಮಾದ್ರೂ ಹೆಚ್ಚು ಸರಿ ತೋರಿಸುತ್ತಾ? ಇಲ್ಲ ಮಾರಾಯ್ರೆ! ಅಲ್ಲಿ ಹದಿನೈದು ದಿನ ಪರೀಕ್ಷೆ ಮಾಡಿ ಕ್ರೊನೋಮೀಟರ್ ಅಂತ ಸರ್ಟಿಫಿಕೇಟ್ ಕೊಡೋ ಕೀ ವಾಚಿಗೂ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲಿಕ್ಕೆ ರಿಯಾಯಿತಿ ಇದೆ. ಗಾಂಧಿ ಬಜಾರಲ್ಲಿ ಮುನ್ನೂರು ರೂಪಾಯಿಗೆ ಸಿಗೋ ಸೆಲ್ ವಾಚು ಇಡೀ ತಿಂಗಳಿಗೆ ಹದಿನೈದು ಸೆಕೆಂಡು ಆಚೀಚೆ ಹೋಗಬಹುದು. ಟೈಮು ಬೇಕು ಅಂದ್ರೆ ಮುನ್ನೂರು ರೂಪಾಯಿ ಸಾಕು, ಅಥವಾ ಎಲ್ಲರ ಕೈಲೂ ಫೋನಿದೆ.

ಈ ಸೆಲ್ ವಾಚೇ ಸ್ವಿಸ್‌ನವರನ್ನ ಒಂದು ಸಲ ಮುಳುಗಿಸಿಬಿಟ್ಟಿತ್ತು. 1969ರ ಡಿಸೆಂಬರ್ 25ಕ್ಕೆ ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರ ತಂತು. 1970ರ ಸುಮಾರಿಗೆ ಸ್ವಿಟ್ಜರ್ಲೆಂಡಲ್ಲಿ ಈ ಕೆಲಸದಲ್ಲಿ ಹತ್ತಿರ ಹತ್ತಿರ 90 ಸಾವಿರ ಜನ ಇದ್ರು. 1980ರ ದಶಕದ ಮಧ್ಯದ ಹೊತ್ತಿಗೆ ಮೂರನೇ ಒಂದು ಭಾಗದಷ್ಟು ಉಳಿದ್ರು. ಬೆಟ್ಟದ ಊರುಗಳೆಲ್ಲ ಬರಿದು. ಭದ್ರಾವತಿಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಕಾಗದದ ಕಾರ್ಖಾನೆ ನಿಂತಾಗ ಪೇಪರ್ ಟೌನ್ ಹೇಗಾಯ್ತು ನೋಡಿದೀವಿ. 1923ರ ಜನವರಿಯಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಗೆ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಮುಚ್ಚೋ ತೀರ್ಮಾನ ಬಂದಾಗ ಊರಿಗೆ ಊರೇ ಬೀದಿಗೆ ಬಂದಿತ್ತು.

ಸ್ವಿಸ್‌ನವರು ಎರಡು ದಾರಿ ಹಿಡಿದು ಬದುಕಿದ್ರು. ಒಂದು, 1983ರಲ್ಲಿ ಬರೀ 51 ಬಿಡಿಭಾಗದ ಪ್ಲಾಸ್ಟಿಕ್ ವಾಚು, ಸ್ವಾಚ್. ಅಗ್ಗ, ಬಣ್ಣಬಣ್ಣ, ಹುಡುಗರಿಗೆ ಇಷ್ಟ. ಇನ್ನೊಂದು, ಕೀ ಕೊಡೋ ಹಳೇ ವಾಚನ್ನ ಟೈಮು ನೋಡೋ ಸಾಮಾನು ಅನ್ನೋದನ್ನ ಬಿಟ್ಟು, ಅಜ್ಜನಿಂದ ಮೊಮ್ಮಗನಿಗೆ ಹೋಗೋ ಆಸ್ತಿ ಅಂತ ಮಾರಿದ್ದು. ಕಡಿಮೆ ಮಾಡಿ, ಜನರನ್ನ ಕಾಯಿಸಿ, ಬೆಲೆ ಏರಿಸಿದ್ರು. ಬುದ್ಧಿವಂತರು! 2019ರಲ್ಲಿ ಜಿನೀವಾದಲ್ಲಿ ದಾನಕ್ಕಾಗಿ ನಡೆದ ಹರಾಜಲ್ಲಿ ಒಂದು ಪಾಟೆಕ್ ವಾಚು 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯ್ತು. ನಮ್ಮ ದುಡ್ಡಲ್ಲಿ ಇನ್ನೂರು ಕೋಟಿ ದಾಟುತ್ತೆ.

ಆದರೆ ಇಲ್ಲೇ ನನ್ನ ಮುಖ್ಯ ಮಾತು ಇರೋದು. ಅಜ್ಜನಿಂದ ಮೊಮ್ಮಗನಿಗೆ ಅಂತ ಅವರು ಹೇಳೋದು ಸರಿ. ಹಾಗಾದ್ರೆ ಅದು ಆ ಅಜ್ಜ ತನ್ನ ದುಡಿಮೆಯಲ್ಲಿ ತಗೊಂಡಿದ್ದಾಗಿರಬೇಕು, ಕೀ ಕೊಟ್ಟು ಜೋಪಾನ ಮಾಡಿದ್ದಾಗಿರಬೇಕು. ಬೇರೆಯವರ ಅಪ್ಪನ ಠೇವಣಿ ಮುರಿಸಿ ತಂದ ವಾಚಿನಲ್ಲಿ ಯಾವ ಪರಂಪರೆ ಇರುತ್ತೆ? ಮುಂದೆ ಮೊಮ್ಮಗ ಕೇಳಿದ್ರೆ ಎಂತ ಹೇಳೋದು, ನಿನ್ನ ತಾಯಿಯ ಅಪ್ಪ ಪಾಸ್‌ಬುಕ್ ಹಿಡ್ಕೊಂಡು ರಾತ್ರಿಯೆಲ್ಲ ಕೂತಿದ್ದ ವಾಚು ಇದು ಅಂತಲಾ?

ಗಾಂಧೀಜಿ ಸೊಂಟಕ್ಕೆ ಸಿಗಿಸ್ಕೊಳ್ತಿದ್ದ ಗಡಿಯಾರವೂ ಸ್ವಿಸ್ಸೇ, ಜೆನಿತ್ ಕಂಪನಿಯದ್ದು. 2009ರ ಮಾರ್ಚಲ್ಲಿ ನ್ಯೂಯಾರ್ಕಿನಲ್ಲಿ ಅವರ ಕನ್ನಡಕ, ಚಪ್ಪಲಿ, ತಟ್ಟೆ ಬಟ್ಟಲು, ಗಡಿಯಾರ ಎಲ್ಲ ಹರಾಜಿಗೆ ಬಂದಾಗ ವಿಜಯ ಮಲ್ಯ 18 ಲಕ್ಷ ಡಾಲರ್ ಕೊಟ್ಟು ಹಿಡಿದ್ರು. ಆ ಬೆಲೆ ಜೆನಿತ್‌ಗೆ ಬಂದಿದ್ದಾ, ಆ ಸೊಂಟಕ್ಕೆ ಬಂದಿದ್ದಾ? ನೀವೇ ಹೇಳಿ.

ಇನ್ನು ಜನ ಹೇಳೋ ಮೂರು ಮಾತಿಗೆ ನನ್ನ ಉತ್ತರ.

“ಚಿನ್ನದ ಹಾಗೆ, ಮುಂದೆ ಬೆಲೆ ಏರುತ್ತೆ” ಅಂತಾರೆ. ಏರೋದು ಕೆಲವೇ ಕಂಪನಿಯ ಕೆಲವೇ ಮಾಡೆಲ್ಲಿಗೆ. ಮಿಕ್ಕವೆಲ್ಲ ಹೊಸ ಕಾರಿನ ಹಾಗೆ, ಅಂಗಡಿ ಬಾಗಿಲು ದಾಟಿದ ಕೂಡಲೇ ಇಳಿಯುತ್ತೆ. ಚಿನ್ನವಾದ್ರೆ ನಾಳೆ ಕಷ್ಟ ಬಂದ್ರೆ ದುರ್ಗಿಗುಡಿಯಲ್ಲಿ ತೂಕ ಹಾಕಿ ದುಡ್ಡು ಕೊಡ್ತಾರೆ. ಈ ವಾಚನ್ನ ಅಲ್ಲಿ ಯಾರು ತಗೊಳ್ತಾರೆ? ಮೇಲಿಂದ ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು. ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಹತ್ತಾರು ಸಾವಿರ ಕೊಡಬೇಕು. ಮತ್ತೆ, ‘ಫಸ್ಟ್ ಕಾಪಿ’ ಅಂತ ನಕಲಿ ಬೇರೆ ಬಂದಿದೆ, ಮೇಲೆ ನೋಡಿದ್ರೆ ನಮ್ಮಂಥವರಿಗೆ ಗೊತ್ತೇ ಆಗೋದಿಲ್ಲ. ಇನ್ನೊಂದು, 2024ರ ಮಾರ್ಚಲ್ಲಿ ನಮ್ಮ ದೇಶವೂ ಸ್ವಿಟ್ಜರ್ಲೆಂಡೂ ಸೇರಿದ ವ್ಯಾಪಾರ ಒಪ್ಪಂದ ಆಗಿದೆ. ಅದರ ಪ್ರಕಾರ ಸ್ವಿಸ್ ವಾಚಿನ ಸುಂಕ ವರ್ಷವರ್ಷಕ್ಕೂ ಇಳೀತಾ ಹೋಗುತ್ತೆ. ಸುಂಕ ಇಳಿಯೋ ಸಾಮಾನನ್ನ ಸಾಲ ಮಾಡಿ ಇವತ್ತೇ ತರೋ ಅವಸರ ಯಾಕೆ?

“ಅಳಿಯನ ಮರ್ಯಾದೆ” ಅಂತಾರೆ. ಅಳಿಯನ ಮರ್ಯಾದೆ ಅವನ ಮಣಿಕಟ್ಟಿನಲ್ಲಿಲ್ಲ. ಅವನು ಕೇಳದೆ ಮನೆಯವರು ಕೇಳಿದ್ರೆ ಅವನಿಗೆ ತಿಳಿಸಿ, ಅವನೇ ಬೇಡ ಅಂದ್ರೆ ಅದು ಮರ್ಯಾದೆ.

“ಕೇಳಿದ್ದಲ್ಲ, ಆಸೆ ಹೇಳಿದ್ದು” ಅಂತಾರೆ. ಇದು ಬಹಳ ನಾಜೂಕಿನ ಮಾತು. ನಮ್ಮ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ 1961ರಲ್ಲೇ, ಎಚ್.ಎಂ.ಟಿ. ವಾಚು ಬಂದ ವರ್ಷವೇ. ಹೆಣ್ಣಿನ ಕಡೆಯವರು ಯಾರೂ ಕೇಳದೆ, ತಮ್ಮ ಶಕ್ತಿಗೆ ತಕ್ಕ ಹಾಗೆ, ಪದ್ಧತಿ ಪ್ರಕಾರ ಪ್ರೀತಿಯಿಂದ ಕೊಟ್ಟು ಪಟ್ಟಿ ಬರೆದಿಟ್ರೆ ಅದು ಉಡುಗೊರೆ. ಮದುವೆಗೆ ಅಂತ ಕೇಳಿ ತಗೊಂಡ್ರೆ, ಅದು ವಾಚಾಗ್ಲಿ, ಕಾರಾಗ್ಲಿ, ಸೈಟಾಗ್ಲಿ, ವರದಕ್ಷಿಣೆ. ಕಾನೂನಿನಲ್ಲಿ ಕೇಳೋದೇ ಅಪರಾಧ. ನಗುನಗುತಾ ಕೇಳಿದ್ರೂ ಅದೇ, ಫೋನಲ್ಲಿ ಕೇಳಿದ್ರೂ ಅದೇ. ಪೊಲೀಸು, ಕೋರ್ಟು ಅಂತ ನಾನು ಹೇಳ್ತಿಲ್ಲ. ನಾವೇ ನಮ್ಮ ನಾಲಿಗೆಯಲ್ಲಿ ಅದಕ್ಕೆ ಸರಿಯಾದ ಹೆಸರು ಹೇಳಬೇಕು ಅಂತ ಹೇಳ್ತಿದ್ದೀನಿ. ಆಸೆ ಅಂತ ಕರೆದು ಮುಚ್ಚಬಾರದು.

ಹಾಗಾದ್ರೆ ವಾಚೇ ಕೊಡಬಾರದಾ? ಕೊಡಿ, ಧಾರಾಳ ಕೊಡಿ. ನಮ್ಮ ಪಕ್ಕದ ಹೊಸೂರಲ್ಲಿ ತಯಾರಾಗೋ ಟೈಟಾನ್ ಇದೆ, 1984ರಲ್ಲಿ ಹುಟ್ಟಿದ ಕಂಪನಿ. 2011ರಲ್ಲಿ ಅವರು ಎಂತ ಮಾಡಿದ್ರು ಗೊತ್ತಾ? 1737ರಿಂದ ಹೆಸರು ಮಾಡಿದ ಸ್ವಿಸ್ ಕಂಪನಿ ಫೇವರ್ ಲ್ಯೂಬಾವನ್ನೇ ಕೊಂಡ್ಕೊಂಡ್ರು. ಜಮೀನ್ದಾರರು ಗತ್ತಿನಿಂದ ಕಟ್ಟಿಕೊಳ್ತಿದ್ದ ಅದೇ ಹೆಸರು! ಹೊಸೂರಿನವರು ಕೊಂಡ ಮೇಲೆ ಆ ಹೆಸರಿನ ಬೆಲೆ ಯಾರು ಕಟ್ಟೋದು ಅಂತ ಯೋಚನೆ ಮಾಡಿ. ಅಥವಾ ಮನೇಲಿ ಹಳೇ ಎಚ್.ಎಂ.ಟಿ. ಇದ್ರೆ ರಿಪೇರಿ ಮಾಡಿಸಿ ಹೊಸ ಬೆಲ್ಟ್ ಹಾಕಿಸಿ. ಈಗ ಅದನ್ನ ಹುಡುಕ್ಕೊಂಡು ತಿರುಗೋ ಹುಡುಗರಿದ್ದಾರೆ, ನನ್ನ ಮಗನ ಸ್ನೇಹಿತನೊಬ್ಬ ಅಜ್ಜನ ಪೈಲಟ್ ವಾಚು ಕಟ್ಕೊಂಡೇ ಆಫೀಸಿಗೆ ಹೋಗ್ತಾನೆ. ಸರಿ ಮಾಡೋ ಹಳೇ ಕೈಗಳು ಶಿವಮೊಗ್ಗದಲ್ಲಿ ಇನ್ನೂ ಇವೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಬೀದಿ ಬದಿ ಗಾಜಿನ ಪೆಟ್ಟಿಗೆ ಹಿಂದೆ ಕೂತಿರ್ತಾರಲ್ಲ, ಜಿನೀವಾದ ಕುಶಲಕರ್ಮಿಗಿಂತ ಅವರ ಕೆಲಸ ಬಹಳ ಬೇರೆಯಲ್ಲ. ಅವನಿಗೆ ಲಕ್ಷ ಕೊಡೋ ನಾವು ಇವರ ಹತ್ರ ಐವತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಸ್ವಿಸ್‌ನವರಿಂದ ಕಲಿಯೋದಿದ್ರೆ ಇದನ್ನ ಕಲಿಯಬೇಕು, ಕೈ ಕೆಲಸಕ್ಕೆ ಬೆಲೆ ಕೊಡೋದನ್ನ.

ಮತ್ತೆ ಕೊಡೋದಾದ್ರೆ ಇಬ್ಬರಿಗೂ ಕೊಡಿ. ಟೈಮು ಇಬ್ಬರಿಗೂ ಬೇಕು. ನಮ್ಮ ಹುಡುಗಿ ಬೆಂಗಳೂರಲ್ಲಿ ಕೆಲಸಕ್ಕೆ ಹೋಗ್ತಾಳೆ, ಬೆಳಿಗ್ಗೆ ಏಳೂವರೆ ಬಸ್ಸು ಅವಳದ್ದೇ. “ದೊಡ್ಡಮ್ಮ, ವಾಚು ಕೊಡಿಸೋದಾದ್ರೆ ನಾನೇ ಅವನಿಗೆ ನನ್ನ ಸಂಬಳದಲ್ಲಿ ಕೊಡಿಸ್ತೀನಿ, ಅವನು ನಂಗೆ ಅವನ ಸಂಬಳದಲ್ಲಿ ಕೊಡಿಸ್ಲಿ, ಅಪ್ಪನನ್ನ ಯಾಕೆ ನಡುವೆ ಎಳೀತೀರಿ” ಅಂದ್ಲು. ನಾನು ಇಷ್ಟುದ್ದ ಬರೆದಿದ್ದನ್ನ ಅವಳು ಒಂದು ಮಾತಲ್ಲಿ ಮುಗಿಸಿದ್ಲು.

ಬರೋ ಭಾನುವಾರ ಅವರ ಮನೆಯವರು ಲಗ್ನಪತ್ರಿಕೆ ಮಾತಿಗೆ ಬರ್ತಾರೆ. ನಾನೂ ಹೋಗ್ತೀನಿ. ತಂಗಿ, ನೀನು ಇದನ್ನ ಓದ್ತೀಯ ಅಂತ ಗೊತ್ತು. ನೀನು ಕಾಫಿ ತಗೊಂಡು ಬಾ, ಮಾತು ನಾನು ಎತ್ತುತೀನಿ. ಕೂಗಾಡೋದಿಲ್ಲ, ಹೆದರಬೇಡ. “ನಮ್ಮ ಶಕ್ತಿ ಇಷ್ಟು, ಇದನ್ನ ಪ್ರೀತಿಯಿಂದ ಕೊಡ್ತೀವಿ” ಅಂತ ಹೇಳೋದು, ಆಮೇಲೆ ಸುಮ್ಮನೆ ಕೂರೋದು. ಅವರು ಒಪ್ಪಿದ್ರೆ ಒಳ್ಳೆ ಸಂಬಂಧ. ಒಂದು ವಾಚಿಗೋಸ್ಕರ ಮುಖ ಗಂಟು ಹಾಕಿದ್ರೆ, ಅದು ಮದುವೆಗೆ ಮುಂಚೆ ಗೊತ್ತಾಗೋದೇ ಒಳ್ಳೇದು. ಪಾಸ್‌ಬುಕ್ ಮಾತ್ರ ಬೀರುವಿನಲ್ಲಿ ಇಟ್ಟು ಬೀಗ ಹಾಕು.